ಆಡಿಟರ್ ಮೇಡಂ ಅವರನ್ನು ಕೇಳಿ: ಸಭಾಪಾಲಕರ ಮುಂದಿನ ಓದು, ಸಬ್ಯಾಟಿಕಲ್ ರಜೆ, ಅದಕ್ಕೆ ದುಡ್ಡು

ಅಡ್ಮಿನ್: ಎಲ್ಲರಿಗೂ ವಂದನೆ. ಬಿ.ಡಿ. (ದೇವಶಾಸ್ತ್ರದ ಪದವಿ) ಮುಗಿಸಿ ಸೇವೆಯಲ್ಲಿರುವ ಅಯ್ಯನವರು, ಅಂದರೆ ಸಭಾಪಾಲಕರು, ಮುಂದೆ ಓದಬೇಕಾದರೆ, ಅಥವಾ ಕೆಲವು ತಿಂಗಳು ಸಬ್ಯಾಟಿಕಲ್, ಅಂದರೆ ಸೇವೆಯಿಂದ ದೀರ್ಘ ವಿರಾಮ, ತೆಗೆದುಕೊಳ್ಳಬೇಕಾದರೆ ದುಡ್ಡು ಎಲ್ಲಿಂದ ಬರಬೇಕು ಅಂತ ಬಹಳ ಜನ ಕೇಳಿದ್ದಿರಿ. ಚರ್ಚಿನ ಸಭೆಗಳ ಮತ್ತು ಚರ್ಚ್ ಟ್ರಸ್ಟ್‌ಗಳ ಲೆಕ್ಕ ನೋಡುವ ಆಡಿಟರ್ ಮೇಡಂ ಇವತ್ತು ಸಂಜೆ ನಮ್ಮ ಜೊತೆ ಇದ್ದಾರೆ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಹಾಸನದ ಪಾಸ್ಟರ್: ಪ್ರೈಸ್ ದ ಲಾರ್ಡ್. ಇದು ಬಂದಿತ್ತು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. "ಅಮೆರಿಕದ ಲಿಲ್ಲಿ ಸಂಸ್ಥೆ ಲೋಕದ ಪ್ರತಿ ಪಾಸ್ಟರಿಗೂ ಸಬ್ಯಾಟಿಕಲ್‌ಗೆ 40 ಲಕ್ಷ ಕೊಡುತ್ತಿದೆ. ಇಂದೇ ಕೊನೆ ದಿನ. ನೋಂದಣಿಗೆ 4,999 ರೂಪಾಯಿ ಈ ನಂಬರಿಗೆ ಕಳಿಸಿ. ಹತ್ತು ಸೇವಕರಿಗೆ ಹಂಚಿ."

ಆಡಿಟರ್: ಅಡ್ಮಿನ್ ಬರೆದು ಎರಡು ನಿಮಿಷ ಆಗಿಲ್ಲ. ಇದು ಮೋಸ, ಯಾರೂ ದುಡ್ಡು ಕಳಿಸಬೇಡಿ. ಲಿಲ್ಲಿ ಎಂಡೋಮೆಂಟ್ ಅನ್ನುವ ಸಂಸ್ಥೆ ಇಂಡಿಯಾನಾದಲ್ಲಿ ನಿಜವಾಗಿಯೂ ಇದೆ. ಪಾಸ್ಟರುಗಳ ವಿರಾಮಕ್ಕೆ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಅದು ದುಡ್ಡು ಕೊಡುತ್ತಿದೆ. ಆದರೆ ಅಮೆರಿಕದ ಸಭೆಗಳಿಗೆ ಮಾತ್ರ. ಅಲ್ಲಿ ಕೂಡ ಅರ್ಜಿ ಹಾಕುವುದು ಸಭೆ, ಪಾಸ್ಟರ್ ಅಲ್ಲ. ಅವರ ಹೆಸರು ಇಟ್ಟುಕೊಂಡು ಇನ್ಯಾರೋ ನಿಮ್ಮ ಜೇಬಿಗೆ ಕೈ ಹಾಕುತ್ತಿದ್ದಾರೆ.

ತುಮಕೂರಿನ ಖಜಾಂಚಿ: ಮೇಡಂ, ನಮ್ಮ ಅಯ್ಯನವರಿಗೆ ಬೆಂಗಳೂರಿನ ಯುಟಿಸಿಯಲ್ಲಿ (ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು) ಎಂ.ಟಿಎಚ್., ಅಂದರೆ ದೇವಶಾಸ್ತ್ರದ ಸ್ನಾತಕೋತ್ತರ ಪದವಿ, ಮಾಡುವ ಆಸೆ. ಎರಡು ವರ್ಷ. ಅಷ್ಟು ದಿನ ಸಂಬಳ ನಾವು ಕೊಡಬೇಕಾ, ಡಯಾಸಿಸ್ (ಬಿಷಪರ ಆಡಳಿತ ಪ್ರಾಂತ) ಕೊಡಬೇಕಾ?

ಆಡಿಟರ್: ಸಂಬಳ ಡಯಾಸಿಸ್‌ನ ಕೇಂದ್ರ ನಿಧಿಯಿಂದ ಬರುತ್ತಿದ್ದರೆ ತೀರ್ಮಾನವೂ ಅವರದೇ. ನಿಮ್ಮ ಪಾಸ್ಟರೇಟ್, ಅಂದರೆ ಸ್ಥಳೀಯ ಸಭೆಯ, ಕಮಿಟಿಯಲ್ಲಿ ಠರಾವು ಮಾಡಿ ಕಳಿಸಿ. ಬಾಯಿಮಾತಿನ ಒಪ್ಪಿಗೆ ತೆಗೆದುಕೊಂಡು ಯಾರೂ ಗಂಟುಮೂಟೆ ಕಟ್ಟಬೇಡಿ. ಬಿಷಪ್ ಬದಲಾದರೆ ಆ ಮಾತೂ ಹೋಯಿತು. ಓದಿನ ರಜೆಯ ಆದೇಶ ಕಾಗದದಲ್ಲಿ ಇರಬೇಕು: ಸಂಬಳ ಪೂರ್ತಿಯಾ ಅರ್ಧವಾ, ಪಿಎಫ್ ಯಾರು ಕಟ್ಟುತ್ತಾರೆ, ಹೆಂಡತಿ ಮಕ್ಕಳು ಸಭೆಯ ಮನೆಯಲ್ಲೇ ಇರಬಹುದಾ, ವಾಪಸ್ ಬಂದ ಮೇಲೆ ಎಷ್ಟು ವರ್ಷ ಅಲ್ಲೇ ಸೇವೆ ಮಾಡಬೇಕು ಅನ್ನುವ ಬಾಂಡ್ ಇದೆಯಾ. ಮನೆ ವಿಷಯವನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಮೇ ತಿಂಗಳಲ್ಲಿ ಹೊಸ ಅಯ್ಯನವರು ಲಾರಿ ಸಮೇತ ಬಂದು ಬಾಗಿಲಲ್ಲಿ ನಿಂತಾಗ ಜಗಳ ಶುರುವಾಗುತ್ತದೆ. ತೆರಿಗೆ: ಓದಿನ ಖರ್ಚಿಗೆಂದೇ ಕೊಟ್ಟ ಸ್ಕಾಲರ್‌ಶಿಪ್‌ಗೆ ಇಲ್ಲ. ರಜೆಯಲ್ಲಿ ಬರುವ ಸಂಬಳಕ್ಕೆ ಇದೆ.

ಕೋಲಾರದ ಸದಸ್ಯ: ಪಾದ್ರಿಗಳಿಗೆ ತೆರಿಗೆಯೇ ಇಲ್ಲ ಅಂತ ವಾಟ್ಸಾಪಿನಲ್ಲಿ ಬಂದಿತ್ತಲ್ಲ?

ಆಡಿಟರ್: ಬಂದಿರುತ್ತದೆ. ಅನುದಾನಿತ ಶಾಲೆಗಳಲ್ಲಿ ಪಾಠ ಮಾಡುವ ಫಾದರ್, ಸಿಸ್ಟರ್‌ಗಳ ಸಂಬಳಕ್ಕೂ ಟಿಡಿಎಸ್ ಹಿಡಿಯಬೇಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಶಿವಮೊಗ್ಗದ ಸಭಾಪಾಲಕಿ: ಮೇಡಂ, ನಾನು ದೀಕ್ಷೆ ಪಡೆದ ಸಭಾಪಾಲಕಿ. ಹೆರಿಗೆ ರಜೆ ತೆಗೆದುಕೊಂಡವರಿಗೆ ಓದಿನ ರಜೆ ಬೇಗ ಕೊಡುವುದಿಲ್ಲ ಅನ್ನುತ್ತಾರೆ. ಎರಡನ್ನೂ ಬೇರೆ ಬೇರೆ ಎಣಿಸಬೇಕು ಅಲ್ವಾ?

ಗದಗದ ಅಯ್ಯನವರು: ವಂದನೆ ಮೇಡಂ. ಜರ್ಮನಿಯ ಒಂದು ಸಭೆಯವರು ನಮ್ಮಲ್ಲಿಗೆ ಬಂದಿದ್ದರು. ನಾನು ಸ್ವಿಟ್ಜರ್ಲೆಂಡಿನ ಬೋಸೆ ಅನ್ನುವ ಕ್ರೈಸ್ತ ವಿದ್ಯಾಸಂಸ್ಥೆಯಲ್ಲಿ ಓದಲು ಸಹಾಯ ಮಾಡುತ್ತೇವೆ ಎಂದರು. ಮೊದಲ ಕಂತು 3 ಲಕ್ಷ ನಮ್ಮ ಸಭೆಯ ಎಸ್‌ಬಿ ಖಾತೆಗೆ ಬಂದಿದೆ. ಬ್ಯಾಂಕಿನವರು ಯಾವ ಉದ್ದೇಶಕ್ಕೆ ಅಂತ ಕೇಳಿದಾಗ ನಮ್ಮ ಖಜಾಂಚಿ "ಕುಟುಂಬ ನಿರ್ವಹಣೆ" ಅಂತ ಬರೆದುಕೊಟ್ಟರು. ಎರಡನೇ ಕಂತನ್ನು ನನ್ನ ಸ್ವಂತ ಖಾತೆಗೆ ಹಾಕಿಸಿದರೆ ಸುಲಭ ಆಗುತ್ತದಾ?

ಆಡಿಟರ್: ಅಯ್ಯನವರೇ, ಎರಡನೇ ಕಂತನ್ನು ಯಾವ ಖಾತೆಗೂ ಹಾಕಿಸಬೇಡಿ. ಇವತ್ತು ರಾತ್ರಿಯೇ ಅವರಿಗೆ ಮೇಲ್ ಮಾಡಿ ತಡೆಯಿರಿ. ಉಳಿದವರೂ ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ಈ ತರಹದ ಕೇಸು ಇದೊಂದೇ ಅಲ್ಲ.

ಹೊರದೇಶದವರು ಧರ್ಮದ ಕೆಲಸಕ್ಕೆ, ಓದಿನ ಕೆಲಸಕ್ಕೆ ಅಂತ ಇಲ್ಲಿನ ಸಂಸ್ಥೆಗೆ ದುಡ್ಡು ಕೊಟ್ಟರೆ ಆ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರಬೇಕು, ಇಲ್ಲವೇ ಕೇಂದ್ರ ಗೃಹ ಇಲಾಖೆಯ ಮುಂಗಡ ಅನುಮತಿ ಇರಬೇಕು. ನಿಮ್ಮ ಸಭೆಗೆ ಎರಡೂ ಇರುವುದಿಲ್ಲ. ಡಯಾಸಿಸ್‌ಗೆ ನೋಂದಣಿ ಇರಬಹುದು, ಆದರೆ ಅವರ ನೋಂದಣಿ ನಿಮ್ಮ ಊರಿನ ಪಾಸ್‌ಬುಕ್ಕಿಗೆ ನೆರಳು ಕೊಡುವುದಿಲ್ಲ. ನೋಂದಣಿ ಇದ್ದವರಿಗೂ 2021ರ ಏಪ್ರಿಲ್‌ನಿಂದ ವಿದೇಶಿ ದೇಣಿಗೆ ಬಂದು ಇಳಿಯಬೇಕಾದದ್ದು ಒಂದೇ ಕಡೆ, ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಅಲ್ಲಿಂದ ತಂದು ನಿಮಗೆ ದಾಟಿಸೋಣ ಅಂದರೆ ಅದೂ ಆಗಲ್ಲ. ಒಂದು ಸಂಸ್ಥೆಗೆ ಬಂದ ವಿದೇಶಿ ದುಡ್ಡನ್ನು ಇನ್ನೊಂದು ಸಂಸ್ಥೆಗೆ ಕೊಡುವುದನ್ನು 2020ರ ತಿದ್ದುಪಡಿ ನಿಲ್ಲಿಸಿದೆ. ಡಯಾಸಿಸ್ ತಾನೇ ಖರ್ಚು ಮಾಡಿ ತನ್ನ ಪಾಸ್ಟರನ್ನು ಓದಿಸಬಹುದು. ಆದರೆ ದುಡ್ಡನ್ನು ಪಾಸ್ಟರೇಟ್ ಖಾತೆಗೆ ಹಾಕಿ "ನೀವೇ ನೋಡಿಕೊಳ್ಳಿ" ಅನ್ನುವಂತಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಭಯ ಆ "ಕುಟುಂಬ ನಿರ್ವಹಣೆ" ಅನ್ನುವ ಎರಡು ಪದದ ಮೇಲೆ. ಜರ್ಮನಿಯ ಸಭೆ ನಿಮ್ಮ ಕುಟುಂಬ ಅಲ್ಲ. ವಿಶ್ವಾಸದಲ್ಲಿ ಹೌದು ಅಂತ ಯಾರೂ ಇಲ್ಲಿ ಬರೆಯಬೇಡಿ, ದಯವಿಟ್ಟು. ಗೊತ್ತಿಲ್ಲದೆ ಬಂದ ದುಡ್ಡು ಬೇರೆ, ಸುಳ್ಳು ಬರೆದು ತೆಗೆದುಕೊಂಡ ದುಡ್ಡು ಬೇರೆ. ಅಧಿಕಾರಿ ಮೊದಲು ನೋಡುವುದೇ ಆ ಫಾರಂ.

ಈಗ ಮಾಡಬೇಕಾದದ್ದು. ಆ 3 ಲಕ್ಷ ಮುಟ್ಟಬೇಡಿ. ಎಫ್‌ಡಿ ಮಾಡಬೇಡಿ, ಗಾಬರಿಯಲ್ಲಿ ವಾಪಸ್ಸೂ ಕಳಿಸಬೇಡಿ. ಬ್ಯಾಂಕಿನ ಸಂದೇಶ, ಆ ಫಾರಂನ ನಕಲು, ಜರ್ಮನಿಯಿಂದ ಬಂದ ಪತ್ರ, ಕಮಿಟಿಯ ಠರಾವು, ಎಲ್ಲ ಒಂದು ಫೈಲಿಗೆ ಸೇರಿಸಿ ಡಯಾಸಿಸ್ ಖಜಾಂಚಿ ಮತ್ತು ಅವರ ಎಫ್‌ಸಿಆರ್‌ಎ ಆಡಿಟರ್ ಹತ್ತಿರ ಹೋಗಿ. ನಾವೇ ಹೋಗಿ ಹೇಳಿಕೊಂಡು, ದಂಡ ಕಟ್ಟಿ, ರಾಜಿಯಲ್ಲಿ ಮುಗಿಸಿಕೊಳ್ಳುವ ದಾರಿ ಆ ಕಾಯ್ದೆಯಲ್ಲೇ ಇದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಜೈಲಿನವರೆಗೂ ಹೋಗುತ್ತದೆ.

ಬೋಸೆಗೆ ಹೋಗುವುದಕ್ಕೆ ಇದೆಲ್ಲ ಬೇಕಾಗಿಯೇ ಇರಲಿಲ್ಲ. 1946ರಲ್ಲಿ ಜಿನೀವಾ ಹತ್ತಿರ ಶುರುವಾದ ಆ ಸಂಸ್ಥೆ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನದು. ಸ್ಕಾಲರ್‌ಶಿಪ್ ಅವರಲ್ಲೇ ಇದೆ, ಅದಕ್ಕೆ ನಿಮ್ಮ ಚರ್ಚಿನ ಶಿಫಾರಸು ಬೇಕು. ಜರ್ಮನಿಯವರಿಗೆ ಕೊಡಲೇಬೇಕು ಅಂತಿದ್ದರೆ ಫೀಸು, ಊಟ, ವಸತಿಯ ದುಡ್ಡನ್ನು ಅವರು ನೇರವಾಗಿ ಬೋಸೆಗೇ ಕಟ್ಟಲಿ. ಟಿಕೆಟ್ಟನ್ನೂ ಅವರೇ ತೆಗೆಸಲಿ. ಆ ದುಡ್ಡು ಭಾರತಕ್ಕೆ ಬರುವ ಕಾರಣವೇ ಇಲ್ಲ.

ಗದಗದ ಅಯ್ಯನವರು: ಮೇಡಂ, ಟಿಕೆಟ್ ಬುಕ್ ಆಗಿದೆ. ಆ ದುಡ್ಡಿನಿಂದಲೇ.

ಆಡಿಟರ್: ಹಾಗಿದ್ದರೆ ಇಲ್ಲಿ ಇನ್ನೇನೂ ಬರೆಯಬೇಡಿ. ಅಡ್ಮಿನ್ ಹತ್ತಿರ ನನ್ನ ನಂಬರ್ ಇದೆ, ಫೋನ್ ಮಾಡಿ.

ಕಿರಾಣಿ ಅಂಗಡಿ, ಚಿಕ್ಕಬಳ್ಳಾಪುರ: ನನಗೊಂದು ಅರ್ಥ ಆಗಲಿಲ್ಲ. ನಾನು ಒಂದು ದಿನ ಅಂಗಡಿ ಮುಚ್ಚಿದರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ. ಅಯ್ಯನವರಿಗೆ ಸಂಬಳ ಸಮೇತ ಮೂರು ತಿಂಗಳು ರಜೆ ಯಾಕೆ? ಭಾನುವಾರ ಒಂದು ಪ್ರಸಂಗ, ಬುಧವಾರ ಒಂದು ಪ್ರಾರ್ಥನೆ.

ಚಾಮರಾಜನಗರದ ಅಮ್ಮನವರು: ಅಣ್ಣಾ, ನಮ್ಮ ಯಜಮಾನರು ಭಾನುವಾರ ಮೂರು ಊರಲ್ಲಿ ಆರಾಧನೆ ಮುಗಿಸಿ ಮಧ್ಯಾಹ್ನ ಮೂರಕ್ಕೆ ಊಟಕ್ಕೆ ಕೂರುತ್ತಾರೆ. ಅರ್ಧ ಊಟದಲ್ಲಿ ಸಾವಿನ ಫೋನ್ ಬರುತ್ತದೆ. ಅಂಗಡಿಗೆ ರಾತ್ರಿ ಬೀಗ ಹಾಕುತ್ತೀರಲ್ಲ, ನಮ್ಮ ಮನೆಗೆ ಬೀಗವೇ ಇಲ್ಲ. ಬಂದು ಒಂದು ವಾರ ಇದ್ದು ನೋಡಿ.

ಕಿರಾಣಿ ಅಂಗಡಿ, ಚಿಕ್ಕಬಳ್ಳಾಪುರ: ಇದು ದೇವರು ಕರೆದ ಕೆಲಸ ಅಲ್ವಾ ಅಮ್ಮಾ? ಕರೆದ ಕೆಲಸಕ್ಕೆ ರಜೆ ಲೆಕ್ಕ ಹಾಕುತ್ತಾರಾ?

ಮೈಸೂರಿನ ಸಂಡೇ ಸ್ಕೂಲ್ ಟೀಚರ್: ಯಾಜಕಕಾಂಡ 25 ಓದಿ ಸಹೋದರ. ಏಳನೇ ವರ್ಷ ಹೊಲಕ್ಕೇ ವಿರಾಮ ಕೊಡಬೇಕು ಅಂತ ಇದೆ.

ಕಿರಾಣಿ ಅಂಗಡಿ, ಚಿಕ್ಕಬಳ್ಳಾಪುರ: ಹೊಲಕ್ಕೆ ಅಂತ ಇದೆ. ಅಯ್ಯನವರಿಗೆ ಅಂತ ಇಲ್ಲ.

ಮಂಗಳೂರಿನ ಸದಸ್ಯ: ನಾವು ಕೆಥೊಲಿಕರು, ಸುಮ್ನೆ ಓದುತ್ತಿದ್ದೆ. ನಮ್ಮ ಫಾದರ್‌ಗಳ ರಜೆ ನಿಯಮದಲ್ಲೇ ಬರೆದಿದೆ ಅನ್ನುತ್ತಾರೆ, ನಿಜವಾ ಮೇಡಂ?

ಆಡಿಟರ್: ನಿಜ. 1983ರ ಕ್ಯಾನನ್ ಕಾನೂನು (ಕೆಥೊಲಿಕ್ ಸಭೆಯ ನಿಯಮಾವಳಿ), 283ನೇ ನಿಯಮ: ಪ್ರತಿ ವರ್ಷ ತಕ್ಕಷ್ಟು ರಜೆಗೆ ಹಕ್ಕಿದೆ. 533: ಪ್ಯಾರಿಷ್ ಗುರುಗಳಿಗೆ ವರ್ಷಕ್ಕೆ ಹೆಚ್ಚೆಂದರೆ ಒಂದು ತಿಂಗಳು. ದೀಕ್ಷೆ ಆದಮೇಲೂ ಓದು ಮುಂದುವರಿಸಬೇಕು ಅಂತ 279 ಹೇಳುತ್ತದೆ. ಚಿಕ್ಕಬಳ್ಳಾಪುರದವರೂ ಇದನ್ನು ಓದಬಹುದು.

ರಾಯಚೂರಿನ ಪಾಸ್ಟರ್: ಮೇಡಂ ಲಿಲ್ಲಿ ಲಿಂಕ್ ಓಪನ್ ಆಗುತ್ತಿಲ್ಲ.

ಆಡಿಟರ್: ಮೇಲೆ ಓದಿ.

ಡಲ್ಲಾಸ್‌ನಿಂದ: ನಾವು ಇಲ್ಲಿ ಕೆಲವು ಕನ್ನಡ ಕುಟುಂಬಗಳು ಸೇರಿ ಸಭೆ ನಡೆಸುತ್ತಿದ್ದೇವೆ, ಇಲ್ಲೇ ರಿಜಿಸ್ಟರ್ ಆಗಿದೆ. ನಮ್ಮ ಪಾಸ್ಟರಿಗೆ ಲಿಲ್ಲಿ ನೆರವಿಗೆ ಹಾಕಬಹುದಾ?

ಆಡಿಟರ್: ನೀವು ಹಾಕಬಹುದು. ಅವರ ಸ್ವಂತ ವೆಬ್‌ಸೈಟಿನಲ್ಲಿ ಆ ವರ್ಷದ ಷರತ್ತು ನೋಡಿಕೊಂಡು ಸಭೆಯ ಹೆಸರಿನಲ್ಲಿ ಹಾಕಿ. ಪಾಸ್ಟರ್ ಇಲ್ಲದಾಗ ಸಭೆ ನಡೆಸುವ ಖರ್ಚಿಗೂ ಅದರಲ್ಲಿ ಒಂದು ಪಾಲು ಕೇಳಬಹುದು. ಇಂಥ ಯೋಜನೆ ಇಲ್ಲೂ ಇರಬೇಕಿತ್ತು.

ಹಾಸನದ ಪಾಸ್ಟರ್: ನೋಡಿದಿರಾ, ಲಿಲ್ಲಿ ನಿಜ ಅಂತ ನಾನು ಹೇಳಿದ್ದೆ.

ಆಡಿಟರ್: 4,999 ಕಳಿಸಿದ್ದೀರಾ?

ಹಾಸನದ ಪಾಸ್ಟರ್: ಇನ್ನೂ ಇಲ್ಲ.

ಕಲಬುರಗಿಯ ಸದಸ್ಯ: ಮೈನಾರಿಟಿ ನಿಗಮದ ಅರಿವು ಸಾಲ ಬಿ.ಡಿ. ಓದಿಗೆ ಸಿಗುತ್ತದಾ?

ಚನ್ನಪಟ್ಟಣದ ಸದಸ್ಯ: ನನ್ನ ತಮ್ಮ ದುಬೈಯಲ್ಲಿ ಇದ್ದಾನೆ, ನಮ್ಮ ಪಾಸ್ಟರ್ ಓದಿಗೆ ಸಭೆಗೆ 50,000 ಕಳಿಸುತ್ತಾನಂತೆ. ಗದಗದವರ ಕಥೆ ಓದಿ ಹೆದರಿಕೆ ಆಯಿತು.

ಆಡಿಟರ್: ಭಾರತದ ಪಾಸ್‌ಪೋರ್ಟ್ ಇದೆಯಾ? ಇದ್ದರೆ, ಸ್ವಂತ ದುಡಿಮೆಯ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ನಕಲು ಫೈಲಿನಲ್ಲಿ ಇಡಿ. ಬೇರೆ ದೇಶದ ಪೌರತ್ವ ತೆಗೆದುಕೊಂಡಿದ್ದರೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆಯೇ.

ಡಾ. ಪಾಸ್ಟರ್, ದಾವಣಗೆರೆ: ಇಷ್ಟೆಲ್ಲ ತಲೆನೋವು ಯಾಕೆ? ನಾನು ಸೇವೆ ಬಿಡದೆ ಆನ್‌ಲೈನಿನಲ್ಲಿ ಡಾಕ್ಟರೇಟ್ ಮಾಡಿದೆ. ಆರು ತಿಂಗಳು, 35,000 ರೂಪಾಯಿ. ಬೆಂಗಳೂರಿನ ಹೋಟೆಲಿನಲ್ಲಿ ಘಟಿಕೋತ್ಸವ, ಗೌನು, ಟೋಪಿ ಎಲ್ಲ ಕೊಟ್ಟರು. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ.

ಆಡಿಟರ್: ಯಾರೂ ಹೋಗಬೇಡಿ. 1956ರ ಯುಜಿಸಿ ಕಾಯ್ದೆಯ 22ನೇ ಕಲಂ ಓದಿ, ಡಿಗ್ರಿ ಕೊಡುವ ಹಕ್ಕು ಯಾರಿಗಿದೆ ಅಂತ ಅಲ್ಲಿ ಇದೆ. ಗೌನು ಬಾಡಿಗೆಗೆ ಸಿಗುತ್ತದೆ.

ಡಾ. ಪಾಸ್ಟರ್, ದಾವಣಗೆರೆ: ನಿಮ್ಮ ಬಿ.ಡಿ. ಕೊಡುವ ಸೆರಾಂಪುರ ಏನು ಯುಜಿಸಿ ಯೂನಿವರ್ಸಿಟಿಯಾ? ಅವರೂ ನಮ್ಮ ಹಾಗೆಯೇ.

ಆಡಿಟರ್: ನಿಮ್ಮ ಹಾಗೆ ಅಲ್ಲ. ಸೆರಾಂಪುರ ಕಾಲೇಜು 1818ರದು. ಆಗ ಆ ಊರು ಡೆನ್ಮಾರ್ಕಿನವರ ಕೈಯಲ್ಲಿತ್ತು, ಡಿಗ್ರಿ ಕೊಡುವ ಹಕ್ಕನ್ನು ಅಲ್ಲಿನ ರಾಜ 1827ರಲ್ಲಿ ಸನದಿನಲ್ಲಿ ಕೊಟ್ಟ. ಬಂಗಾಳದ 1918ರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಮಂಗಳೂರಿನ ಕೆಟಿಸಿ (ಕರ್ನಾಟಕ ಥಿಯಾಲಾಜಿಕಲ್ ಕಾಲೇಜು), ಬೆಂಗಳೂರಿನ ಯುಟಿಸಿ ಎರಡೂ ಅದರ ಸೆನೆಟ್, ಅಂದರೆ ಡಿಗ್ರಿ ಕೊಡುವ ಮಂಡಳಿಯ, ಕೆಳಗೆ ಬರುತ್ತವೆ. ಸೇವೆ ಬಿಡದೆ ಓದಬೇಕು ಅನ್ನುವವರಿಗೆ ಅದೇ ಸೆನೆಟ್‌ನ ಸೆಪ್ಟರ್ ಅನ್ನುವ ಕೇಂದ್ರ ಕೋಲ್ಕತ್ತದಲ್ಲಿದೆ, ಮನೆಯಿಂದಲೇ ಓದುವ ಕೋರ್ಸುಗಳಿವೆ. ನಿಮ್ಮ ವಿಶ್ವವಿದ್ಯಾಲಯ ಯಾವ ಕಾಯ್ದೆಯ ಕೆಳಗೆ ಇದೆ, ಅದನ್ನು ಇಲ್ಲೇ ಬರೆಯಿರಿ.

ಡಾ. ಪಾಸ್ಟರ್, ದಾವಣಗೆರೆ: ದೇವರು ಕೊಟ್ಟ ಅಭಿಷೇಕಕ್ಕೆ ಸರ್ಕಾರದ ಕಾಯ್ದೆ ಬೇಕಾಗಿಲ್ಲ.

ಕಿರಾಣಿ ಅಂಗಡಿ, ಚಿಕ್ಕಬಳ್ಳಾಪುರ: ಹಾಗಿದ್ದರೆ 35,000 ಯಾಕೆ ಬೇಕಾಯಿತು?

ಚಾಮರಾಜನಗರದ ಅಮ್ಮನವರು: ಇದೊಂದು ಮಾತು ಅಣ್ಣ ಸರಿಯಾಗಿ ಹೇಳಿದರು.

ಡಾ. ಪಾಸ್ಟರ್, ದಾವಣಗೆರೆ: ಸೇವಕರನ್ನು ಗೇಲಿ ಮಾಡುವ ಗ್ರೂಪಿನಲ್ಲಿ ನಾನು ಇರುವುದಿಲ್ಲ.

ಅಡ್ಮಿನ್: ದಯವಿಟ್ಟು ವೈಯಕ್ತಿಕ ಮಾತು ಬೇಡ.

ಮಂಡ್ಯದ ಕಾರ್ಯದರ್ಶಿ: ನಮ್ಮದು ಅರವತ್ತು ಮನೆಯ ಸಭೆ. ಜಿನೀವಾ ಎಲ್ಲ ನಮಗೆ ಆಗುವ ಮಾತಲ್ಲ. ಅಯ್ಯನವರನ್ನು ಒಂದು ತಿಂಗಳಾದರೂ ಎಲ್ಲಾದರೂ ಕಳಿಸಬೇಕು ಅಂತ ಇದ್ದೇವೆ. ತುಂಬ ದಣಿದಿದ್ದಾರೆ.

ಆಡಿಟರ್: ನಿಮ್ಮಂಥವರು ಮೊದಲೇ ಬಂದಿದ್ದರೆ ಚೆನ್ನಾಗಿತ್ತು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಪಾಲನ್ನು ಇದಕ್ಕೇ ಅಂತ ಮೊದಲೇ ಸಭೆಯಲ್ಲಿ ಹೇಳಿ ತೆಗೆದಿಡಿ. ಹೇಳದೆ ತೆಗೆದರೆ ಮುಂದಿನ ವರ್ಷ ಹಲಸಿನ ಹಣ್ಣು ಕೂಗುವವರೇ ಇರುವುದಿಲ್ಲ. ಲೆಕ್ಕದಲ್ಲಿ "ಸಭಾಪಾಲಕರ ಓದು ಮತ್ತು ವಿರಾಮ" ಅಂತ ಬೇರೆ ಖಾತೆ ತೆಗೆಯಿರಿ. ಅಯ್ಯನವರ ಕೈಗೆ ನಗದು ಕೊಡಬೇಡಿ, ಅವರ ಮೇಲೆ ಅನುಮಾನ ಇದ್ದು ಅಲ್ಲ, ನಾಳೆ ಅವರಿಗೇ ಕೆಟ್ಟ ಹೆಸರು ಬರಬಾರದು ಅಂತ. ವಸತಿ, ಫೀಸಿನ ದುಡ್ಡು ನೇರವಾಗಿ ಸಂಸ್ಥೆಗೆ ಹೋಗಲಿ, ರಸೀದಿ ಬರಲಿ. ಜಾಗ ದೂರ ಹುಡುಕಬೇಕಿಲ್ಲ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ 1963ರಿಂದ ಇಸಿಸಿ (ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್) ಇದೆ, ಅಲ್ಲಿ ಉಳಿದುಕೊಳ್ಳಲು ಆಗುತ್ತದಾ ಅಂತ ಕೇಳಿ. ಓದಬೇಕು ಅನ್ನಿಸಿದರೆ ಯುಟಿಸಿಯ ಲೈಬ್ರರಿ ಊರಲ್ಲೇ ಇದೆ. ಆ ತಿಂಗಳು ಆರಾಧನೆ ನಡೆಸಲು ನಿವೃತ್ತ ಅಯ್ಯನವರೊಬ್ಬರನ್ನು ಕರೆಸಿ, ಅವರ ಬಸ್ ಚಾರ್ಜು, ಕಾಣಿಕೆಯನ್ನೂ ಇದೇ ಖಾತೆಯಿಂದ ಕೊಡಿ. ಒಂದು ಷರತ್ತು ಹಾಕಿ: ಆ ತಿಂಗಳು ಯಾರೂ ಅವರಿಗೆ ಫೋನ್ ಮಾಡುವಂತಿಲ್ಲ. ಮದುವೆ ದಿನ ಕೇಳುವುದಕ್ಕೂ.

ಹೊಸಪೇಟೆಯ ಪಾಸ್ಟರ್: ನಮ್ಮದು ಸ್ವತಂತ್ರ ಸಭೆ, ಟ್ರಸ್ಟ್ ಇದೆ. ನಾನು, ನನ್ನ ಹೆಂಡತಿ ಟ್ರಸ್ಟಿಗಳು. ಟ್ರಸ್ಟ್ ದುಡ್ಡಿನಿಂದ ನಾನು ಓದಬಹುದಾ?

ಆಡಿಟರ್: ಬೇಡ. ಟ್ರಸ್ಟಿಗೆ ಟ್ರಸ್ಟಿನಿಂದಲೇ ಲಾಭ ಆದರೆ ತೆರಿಗೆ ವಿನಾಯಿತಿಗೆ ಕುತ್ತು. ಮೊದಲು ಹೊರಗಿನ ಇಬ್ಬರು ಮೂವರನ್ನು ಟ್ರಸ್ಟಿಗೆ ಸೇರಿಸಿ, ಆಮೇಲೆ ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿ.

ಶಿವಮೊಗ್ಗದ ಸಭಾಪಾಲಕಿ: ಮೇಡಂ, ನನ್ನ ಪ್ರಶ್ನೆ ಮೇಲೆ ಇದೆ.

ಬೀದರ್‌ನ ಪಾಸ್ಟರ್: ಲಿಲ್ಲಿ ಫಾರಂ ಕನ್ನಡದಲ್ಲಿ ಇದೆಯಾ?

ಆಡಿಟರ್: ಅಡ್ಮಿನ್, ಮೊದಲು ಆ ಫಾರ್ವರ್ಡ್ ಡಿಲೀಟ್ ಮಾಡಿ. ಇನ್ನೊಬ್ಬರು ಲಿಲ್ಲಿ ಅಂದರೆ ನಾನು ಹೊರಟೆ.

ಕಿರಾಣಿ ಅಂಗಡಿ, ಚಿಕ್ಕಬಳ್ಳಾಪುರ: ಮೇಡಂಗೂ ಸಬ್ಯಾಟಿಕಲ್ ಬೇಕು ಅನ್ನಿಸುತ್ತದೆ.

ಆಡಿಟರ್: ಗದಗದ ಅಯ್ಯನವರೇ, ಗಂಟೆ ಆಯಿತು. ಫೋನ್ ಬಂದಿಲ್ಲ.

ಗದಗದ ಅಯ್ಯನವರು: ಖಜಾಂಚಿ ಬೇಡ ಅನ್ನುತ್ತಿದ್ದಾರೆ ಮೇಡಂ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ, ನೀವೇ ಯಾಕೆ ಹೋಗಿ ಹೇಳುತ್ತೀರಿ ಅಂತ.

ಆಡಿಟರ್: ಆ ಖಾತೆ ಜಂಟಿ ಸಹಿಯದ್ದಲ್ವಾ? ಬ್ಯಾಂಕ್ ನೋಟಿಸ್ ಬಂದರೆ ಇಬ್ಬರ ಹೆಸರಿಗೂ ಬರುತ್ತದೆ, ಸುಮ್ಮನಿರಿ ಅಂದವರು ಆಗ ನಿಮ್ಮ ಪರವಾಗಿ ಮಾತಾಡುವುದಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಪಾಸ್‌ಬುಕ್, ಟಿಕೆಟ್ ಪ್ರಿಂಟ್ ಹಿಡಿದು ಡಯಾಸಿಸ್ ಆಫೀಸಿಗೆ ಹೋಗಿ. ಖಜಾಂಚಿಯನ್ನೂ ಕರೆದುಕೊಂಡು ಹೋಗಿ. ಬರಲ್ಲ ಅಂದರೆ ನೀವೊಬ್ಬರೇ ಹೋಗಿ.