ಅಪ್‌ಡೇಟ್: ಬಲಗೈಯಲ್ಲಿ ಮತ್ತೆ ಹೆಸರು ಬರೆದೆ

ಎಂಟು ತಿಂಗಳ ಹಿಂದೆ ಕೇಳಿದ್ದೆ: ಪಾರ್ಶ್ವವಾಯು ಆಗಿ ಬಲಗೈ ಬೆರಳು ಆಡುತ್ತಿಲ್ಲ, ವ್ಯಾಯಾಮ ಬಿಟ್ಟುಬಿಡಲಾ ಅಂತ. ಬಿಡಬೇಡಿ ಅಂದವರಿಗೆಲ್ಲ ಈ ಸುದ್ದಿ ಹೇಳಲೇಬೇಕು.

‘ಕೈ ಸರಿಯಾಗಬೇಕು’ ಅನ್ನುವ ಗುರಿ ನನಗೆ ತುಂಬ ದೊಡ್ಡದಾಯಿತು. ಒಂದೇ ಕೆಲಸ ಆರಿಸಿಕೊಳ್ಳಿ ಅಂತ ನಿಮ್ಮಲ್ಲೊಬ್ಬರು ಹೇಳಿದ್ದಿರಿ, ಅಲ್ವಾ? ನನ್ನ ಹೆಸರು ನಾನೇ ಬರೆಯಬೇಕು ಅಂದುಕೊಂಡೆ. ದಿನಾ ಕಣ್ಣು ಮುಚ್ಚಿ ಆ ಕಾಗದ, ಪೆನ್ನು, ಅಕ್ಷರದ ತಿರುವುಗಳನ್ನು ಮನಸ್ಸಲ್ಲೇ ನೋಡುತ್ತಿದ್ದೆ.

ಆಮೇಲೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಕನ್ನಡಿ ಅಭ್ಯಾಸ. ಎರಡು ಕೈಗಳ ನಡುವೆ ಕನ್ನಡಿ ಇಟ್ಟು ಎಡಗೈ ಆಡಿಸಿದರೆ, ಬಲಗೈಯೇ ಆಡಿದ ಹಾಗೆ ಕಾಣುತ್ತದೆ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ, ಕೈ ಕಳೆದುಕೊಂಡವರಿಗೆ ಇಲ್ಲದ ಕೈಯಲ್ಲೇ ಆಗುವ ನೋವಿಗೆ ಈ ಉಪಾಯ ಬಳಸಿದ್ದರು. ಪಾರ್ಶ್ವವಾಯುವಿನಿಂದ ಹಾನಿಯಾದ ಮಿದುಳೂ ಕೈ ಆಡಿಸಲು ಹೊಸ ದಾರಿ ಕಲಿಯಬಲ್ಲದು. ಆದರೆ ಅದೇ ಚಲನೆಯನ್ನು ನೂರಾರು ಸಲ ಮಾಡಬೇಕು.

ಮೂರು ತಿಂಗಳು ಏನೂ ಆಗಲಿಲ್ಲ. ಎಷ್ಟೋ ರಾತ್ರಿ ಸುಮ್ನೆ ಅತ್ತಿದ್ದೇನೆ. ಒಂದು ದಿನ ಹೆಬ್ಬೆರಳು ಚೂರು ಅಲುಗಿತು!

ಕಳೆದ ವಾರ ಹೆಸರು ಬರೆದೆ. ಅಕ್ಷರ ಸೊಟ್ಟಗಿವೆ, ಓದಬಹುದು. ಕಿರುಬೆರಳು ಇನ್ನೂ ಬಿಗಿಯಾಗಿದೆ. ಈಗ ಅಂಗಿಯ ಗುಂಡಿ ಹಾಕುವುದನ್ನು ಕಲಿಯುತ್ತಿದ್ದೇನೆ.