ಸಂಕ್ರಾಂತಿ ಊಟ ಸ್ಪೆಷಲ್ ಮಕ್ಕಳ ಕೈಯಲ್ಲೇ ಮಾಡಿಸಬೇಕು, ಹೇಗೆ ಶುರು ಮಾಡಲಿ?

ಧಾರವಾಡ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಒಂದು ವಿಶೇಷ ಶಾಲೆಯಲ್ಲಿ ಕಲಿಸುತ್ತೇನೆ. ಕ್ಲಾಸಿನಲ್ಲಿ 9 ಮಕ್ಕಳಿದ್ದಾರೆ, 12ರಿಂದ 17 ವಯಸ್ಸಿನವರು. ಹೆಚ್ಚಿನವರಿಗೆ ಬುದ್ಧಿ ಬೆಳವಣಿಗೆ ನಿಧಾನ, ಇಬ್ಬರಿಗೆ ಆಟಿಸಂ. ಒಬ್ಬಳಿಗೆ ಸೆರೆಬ್ರಲ್ ಪಾಲ್ಸಿ, ವೀಲ್‌ಚೇರ್‌ನಲ್ಲೇ ಇರುತ್ತಾಳೆ.

ಪ್ರತಿ ಸಂಕ್ರಾಂತಿಗೆ ತಾಯಂದಿರು ರೊಟ್ಟಿ, ಮಾದಲಿ, ಎಣ್ಣೆಗಾಯಿ ಡಬ್ಬಿ ಕಟ್ಟಿ ಕಳಿಸುತ್ತಾರೆ, ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಸಾಲಾಗಿ ಕೂತು ಉಣ್ಣುತ್ತಾರೆ, ಫೋಟೊ ತೆಗೆಯುತ್ತೇವೆ, ಅಲ್ಲಿಗೆ ಹಬ್ಬ ಮುಗಿಯಿತು. ಈ ಸಲ ಅಡುಗೆ ಮಕ್ಕಳೇ ಮಾಡಲಿ, ಅವರೇ ಬಡಿಸಲಿ, ಅಪ್ಪ ಅಮ್ಮ ಬಂದು ಉಂಡು ಹೋಗಲಿ ಅಂತ ನನ್ನ ಆಸೆ. ಹೆಡ್ ಮೇಡಂ ಒಪ್ಪಿದ್ದಾರೆ.

ಆದರೆ ಒಲೆ, ಚಾಕು ನೆನೆಸಿಕೊಂಡರೆ ಭಯ. ಒಬ್ಬ ಹುಡುಗ ಅಂಟು ಅಂಟಾದದ್ದು ಏನನ್ನೂ ಮುಟ್ಟುವುದಿಲ್ಲ, ಬೆಲ್ಲ ಕಂಡರೆ ಕೈ ಹಿಂದೆ ಕಟ್ಟಿಕೊಳ್ಳುತ್ತಾನೆ. ವೀಲ್‌ಚೇರ್ ಹುಡುಗಿಯನ್ನು ಸುಮ್ನೆ ನೋಡುತ್ತಾ ಕೂರಿಸಲು ನನಗೆ ಮನಸ್ಸಿಲ್ಲ. ಇದರ ಮೇಲೆ ಒಂದೆರಡು ಮನೆಯವರು "ಅಡಿಗಿ ಕಲಿಯಾಕ ಸಾಲಿ ಯಾಕ್ರೀ, ನಾಕು ಅಕ್ಷರ ಕಲಸ್ರಿ" ಅನ್ನುತ್ತಿದ್ದಾರೆ. ಮಾಡಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ಗದಗ ಸ್ಪೆಷಲ್ ಎಜುಕೇಟರ್

ಖಂಡಿತ ಮಾಡಿ ಟೀಚರ್. ಆದರೆ ಹಬ್ಬದ ದಿನ ಏನೋ ಕಲಿಸುತ್ತೇನೆ ಅಂದುಕೊಳ್ಳಬೇಡಿ. ಕಲಿಸುವುದೆಲ್ಲ ಅದಕ್ಕೆ ಮುಂಚಿನ ವಾರಗಳಲ್ಲೇ ಆಗಬೇಕು. ಆ ದಿನ ಜನ ಜಾಸ್ತಿ, ಗದ್ದಲ ಜಾಸ್ತಿ, ಬರುವ ಕೆಲಸವನ್ನೂ ಮಕ್ಕಳು ಮರೆಯುತ್ತಾರೆ.

ಎಲ್ಲರಿಗೂ ಎಲ್ಲ ಕೆಲಸ ಹಂಚಬೇಡಿ. ಒಂದು ಮಗುವಿಗೆ ಒಂದೇ ಕೆಲಸ ಕೊಡಿ, ಆದರೆ ಅದು ಪೂರ್ತಿ ಅದರದ್ದೇ ಆಗಿರಲಿ. ಸಜ್ಜಿ ರೊಟ್ಟಿ ಬಡಿಯುವುದು ಬೇಡ, ಎಳ್ಳು ಹಚ್ಚಿದ ಕಟಕ್ ರೊಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಹೋಗಿ ತರುವುದೇ ಒಬ್ಬರ ಪಾಠ. ಎಣ್ಣೆಗಾಯಿಯನ್ನು ಅಡುಗೆಯವರಿಗೆ ಬಿಡಿ. ಶೇಂಗಾ ಚಟ್ನಿ, ಮೊಸರು, ಗಜ್ಜರಿ, ಸೌತೆಕಾಯಿ, ಮಾದಲಿ ಇಷ್ಟು ಮಕ್ಕಳದ್ದು.

ಮಾದಲಿಯಂತೂ ನಮ್ಮ ಮಕ್ಕಳಿಗೆ ಹೇಳಿ ಮಾಡಿಸಿದ ತಿನಿಸು. ದಪ್ಪ ಚಪಾತಿ ಹರಿಯಬೇಕು, ಕೈಯಲ್ಲಿ ತಿಕ್ಕಿ ಪುಡಿ ಮಾಡಬೇಕು, ಬೆಲ್ಲದ ಪುಡಿ, ಹುರಿದ ಎಳ್ಳು, ಗಸಗಸೆ, ಪುಟಾಣಿ, ಒಣಕೊಬ್ಬರಿ, ಯಾಲಕ್ಕಿ ಪುಡಿ ಬೆರೆಸಬೇಕು. ಚಪಾತಿ ಮಾಡಿಟ್ಟು ಎಳ್ಳು ಹುರಿದಿಟ್ಟರೆ ಒಲೆಯೂ ಬೇಡ, ಚಾಕುವೂ ಬೇಡ. ಅಳತೆ ಹೆಚ್ಚು ಕಡಿಮೆ ಆದರೂ ಕೆಡುವುದಿಲ್ಲ. ಬೆರಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಬೇರೆ ಬೇಕಾ?

ಕಲಿಸುವ ರೀತಿಗೆ ಬಂದರೆ, ಶೇಂಗಾ ಸಿಪ್ಪೆ ತೆಗೆಯುವುದನ್ನೇ ನೋಡಿ. ಹುರಿದು ಆರಿದ ಶೇಂಗಾ ಒಂದು ಹಿಡಿ ತಗೊಳ್ಳುವುದು, ಎರಡೂ ಅಂಗೈ ನಡುವೆ ತಿಕ್ಕುವುದು, ಮೊರಕ್ಕೆ ಹಾಕುವುದು, ಕೇರುವುದು, ಕಾಳನ್ನು ಡಬ್ಬಿಗೆ ಸುರಿಯುವುದು, ಮುಚ್ಚಳ ಹಾಕುವುದು. ನಮಗೆ ಅದು ಒಂದೇ ಕೆಲಸ, ಮಗುವಿಗೆ ಆರು. ಮೊದಲು ಐದನ್ನು ನೀವೇ ಮಾಡಿ, ಮುಚ್ಚಳ ಹಾಕುವುದನ್ನು ಮಾತ್ರ ಅವನಿಗೆ ಬಿಡಿ. ಅದು ಕೈಗೆ ಹತ್ತಿದ ಮೇಲೆ ಸುರಿಯುವುದನ್ನೂ ಬಿಟ್ಟುಕೊಡಿ. ಹೀಗೆ ಕೊನೆಯಿಂದ ಹಿಂದಕ್ಕೆ ಬನ್ನಿ. ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗಿರುತ್ತಾನೆ, ಆ ಖುಷಿಗೇ ಮತ್ತೆ ಬಂದು ಕೂರುತ್ತಾನೆ. ಆರೂ ಹೆಜ್ಜೆಯ ಫೋಟೊ ತೆಗೆದು ಗೋಡೆಗೆ ಸಾಲಾಗಿ ಅಂಟಿಸಿ, ನೀವು ಬಾಯಿಂದ ಹೇಳುವುದು ತಾನಾಗೇ ಕಡಿಮೆ ಆಗುತ್ತದೆ. ತಾನೇ ಮಾಡಿದನಾ, ಹೇಳಿದ ಮೇಲೆ ಮಾಡಿದನಾ, ಕೈ ಹಿಡಿದು ಮಾಡಿಸಬೇಕಾಯಿತಾ, ದಿನಾ ಬರೆದಿಡಿ.

ಅಕ್ಷರ ಕಲಿಸಿ ಅನ್ನುವವರಿಗೆ ಎಫ್‌ಎಸಿಪಿ ಪಟ್ಟಿ ತೋರಿಸಿ, ಇಂಥ ಮಕ್ಕಳಿಗೆ ಏನೇನು ಬರುತ್ತದೆ, ಮುಂದೆ ಏನು ಕಲಿಸಬೇಕು ಅಂತ ಗುರುತು ಹಾಕಿಕೊಳ್ಳುವ ಪಟ್ಟಿ ಅದು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಮಾಡಿದ್ದು, ನಿಮ್ಮ ಶಾಲೆಯಲ್ಲೂ ಇರಬೇಕು. ಅದರಲ್ಲಿ ಓದು ಲೆಕ್ಕ ಒಂದು ಭಾಗ ಮಾತ್ರ. ಸ್ವಂತ ಕೆಲಸ, ಜನರ ಜೊತೆ ಬೆರೆಯುವುದು, ದುಡಿಮೆ, ಮನರಂಜನೆ ಎಲ್ಲಕ್ಕೂ ಬೇರೆ ಬೇರೆ ಭಾಗ ಇದೆ. ಮಾದಲಿಗೆ ಎರಡು ವಾಟಗ ಬೆಲ್ಲ ಅಳೆಯುವುದೂ ಲೆಕ್ಕವೇ ಅಂತ ಅವರಿಗೆ ಹೇಳಿ.

ಹುಬ್ಬಳ್ಳಿ ಓಟಿ

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಕೈಕೆಲಸದ ಬಗ್ಗೆ ಮಾತ್ರ ಹೇಳುತ್ತೇನೆ.

ಅಂಟು ಮುಟ್ಟದ ಹುಡುಗನಿಗೆ ಒತ್ತಾಯ ಬೇಡ. ಅವನಿಗೆ ಅದು ಹಟ ಅಲ್ಲ, ನಿಜವಾಗಿ ಸಂಕಟ ಆಗುತ್ತದೆ. ಒಣ ಕೆಲಸ ಕೊಡಿ, ಶೇಂಗಾ, ಪುಟಾಣಿ ಅವನ ಪಾಲಿಗೆ ಇರಲಿ. ಬೆಲ್ಲವನ್ನು ಚಮಚದಿಂದ ಹಾಕಲಿ. ಪಕ್ಕದಲ್ಲಿ ಒದ್ದೆ ಬಟ್ಟೆ ಇಡಿ, ಬೇಕಾದಾಗ ಕೈ ಒರೆಸಿಕೊಳ್ಳಬಹುದು ಅಂತ ಗೊತ್ತಿದ್ದರೆ ಧೈರ್ಯ ಬರುತ್ತದೆ.

ವೀಲ್‌ಚೇರ್ ಹುಡುಗಿಗೆ ಮಿಕ್ಸಿ ಕೊಡಿ. ಸ್ವಿಚ್ ಇರುವ ಎಕ್ಸ್‌ಟೆನ್ಶನ್ ಬೋರ್ಡನ್ನು ಅವಳ ಕೈ ಚೆನ್ನಾಗಿ ಆಡುವ ಕಡೆ, ನೀರಿನಿಂದ ದೂರ ಇಡಿ. ಜಾರು ಕೂಡಿಸಿ ಮುಚ್ಚಳ ಒತ್ತಿ ಹಿಡಿಯುವುದು ನೀವು, ಸ್ವಿಚ್ ಹಾಕುವುದು ತೆಗೆಯುವುದು ಅವಳು. ಸ್ವಿಚ್ ಗಟ್ಟಿ ಇದ್ದರೆ ಎಲೆಕ್ಟ್ರಿಷಿಯನ್ ಕಡೆಯಿಂದ ದೊಡ್ಡದು ಹಾಕಿಸಿ. ಇಡೀ ಕ್ಲಾಸಿನ ಚಟ್ನಿ ಅವಳ ಕೈಯಿಂದ ಆಗುತ್ತದೆ. ಮಿಕ್ಸಿ ಸದ್ದಿಗೆ ಹೆದರುವ ಮಕ್ಕಳಿದ್ದರೆ ಮೊದಲೇ ಹೇಳಿ, ಬೇಕಾದರೆ ಹೊರಗೆ ಹೋಗಲಿ.

ಇನ್ನೊಂದು, ಇದು ಜೀವದ ವಿಷಯ. ನುಂಗಲು ಕಷ್ಟ ಇರುವ ಮಗುವಿಗೆ ಇಡೀ ಶೇಂಗಾ, ಕಟಕ್ ರೊಟ್ಟಿ ಚೂರು, ಒಣ ಮಾದಲಿ ಯಾವುದೂ ಬೇಡ. ಮಾದಲಿಗೆ ಹಾಲು ತುಪ್ಪ ಹಾಕಿ ಪೂರ್ತಿ ಮೆತ್ತಗಾದ ಮೇಲೆ, ನೆಟ್ಟಗೆ ಕೂರಿಸಿ, ತುತ್ತು ತುತ್ತಾಗಿ ಕೊಡಿ. ಮನೆಯಲ್ಲಿ ಹೇಗೆ ಉಣಿಸುತ್ತಾರೆ ಅಂತ ತಾಯಿಯನ್ನು ಕೇಳಿಕೊಳ್ಳಿ. ಶೇಂಗಾ ಅಲರ್ಜಿ ಯಾರಿಗಾದರೂ ಇದೆಯಾ ಅಂತಲೂ ವಿಚಾರಿಸಿ. ಫಿಟ್ಸ್ ಬರುವ ಮಕ್ಕಳು ಒಲೆ ಹತ್ತಿರ ಬೇಡವೇ ಬೇಡ.

ರೊಟ್ಟಿ ತರಲು ಹುಬ್ಬಳ್ಳಿ ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗಿ. ಸ್ಟೇಷನ್ ಪ್ಲಾಟ್‌ಫಾರ್ಮು ಬಸ್ಸಿನ ಬಾಗಿಲಿನ ಮಟ್ಟಕ್ಕೇ ಇರುವುದರಿಂದ ಮೆಟ್ಟಿಲು ಹತ್ತುವ ಕಷ್ಟ ಇಲ್ಲ.

ಬ್ಯಾಡಗಿ ತಾಯಿ

ಟೀಚರ್ ಅಕ್ಕಾ, ನನ್ನ ಮಗನಿಗೆ ಡೌನ್ ಸಿಂಡ್ರೋಮ್, ಈಗ 19. ತಾಯಿಯಾಗಿ ಎರಡು ಮಾತು ಹೇಳುತ್ತೇನೆ.

ಅಂಗಡಿಗೆ ಕಳಿಸುವಾಗ ಚಿಲ್ಲರೆ ಲೆಕ್ಕ ಮೊದಲೇ ಕಲಿಸಲು ಹೋಗಬೇಡಿ. ನನ್ನ ಮಗನಿಗೆ ಅವನ ಶಾಲೆಯಲ್ಲಿ ಬರೀ ಹತ್ತರ ನೋಟು ಕೊಟ್ಟು ಕಲಿಸಿದರು. ಅಂಗಡಿಯವರು ಮೂವತ್ತೆರಡು ಅಂದರೆ ಮೂವತ್ತಕ್ಕೆ ಮೂರು ನೋಟು, ಮೇಲಿನದಕ್ಕೆ ಇನ್ನೊಂದು, ಒಟ್ಟು ನಾಲ್ಕು ಕೊಟ್ಟು ಚಿಲ್ಲರೆಗೆ ಕಾಯಬೇಕು, ಅಷ್ಟೇ. ಕೂಡುವುದು ಕಳೆಯುವುದು ಅವನಿಗೆ ಇವತ್ತಿಗೂ ಬರುವುದಿಲ್ಲ. ಆದರೆ ಹಾಲು, ಕೊತ್ತಂಬರಿ ಒಬ್ಬನೇ ತರುತ್ತಾನೆ. ಈ ಒಂದು ಕಲಿಕೆಯಿಂದ ನಮ್ಮ ಮನೆಯಲ್ಲಿ ಅವನನ್ನು ನೋಡುವ ರೀತಿಯೇ ಬದಲಾಯಿತು, ಅವರ ಅಜ್ಜ ಈಗ "ತಮ್ಮಾ, ಎಲಿ ಅಡಿಕಿ ತಂದಕೊಡಪಾ" ಅಂತ ಅವನನ್ನೇ ಕರೆಯುತ್ತಾರೆ.

ನಮ್ಮ ಊರು ಮೆಣಸಿನಕಾಯಿ ಊರು, ಹಾಗಾಗಿ ಇದನ್ನೂ ಹೇಳುತ್ತೇನೆ, ಚಟ್ನಿಗೆ ಖಾರದ ಪುಡಿಯನ್ನು ನೀವೇ ಹಾಕಿ. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಆ ಮಗು ಮತ್ತೆ ಅಡುಗೆ ಹತ್ತಿರ ಬರುವುದಿಲ್ಲ.

ಮತ್ತೆ ಅಕ್ಕಾ, ಗಂಡು ಮಕ್ಕಳಿಗೂ ಮಾಡಿಸಿ, ಬಿಡಬೇಡಿ. ನಾವು ಎಷ್ಟು ದಿನ ಇರುತ್ತೇವೆ ಅನ್ನುವ ಚಿಂತೆ ಇಂಥ ಮಕ್ಕಳ ಪ್ರತಿ ತಾಯಿಗೂ ಇದೆ. ತನ್ನ ತಾಟಿಗೆ ತಾನೇ ಹಾಕಿಕೊಂಡು ಉಣ್ಣುತ್ತಾನೆ ಅನ್ನುವುದು ನಮಗೆ ಎಷ್ಟು ದೊಡ್ಡದು ಅಂತ ಬೇರೆಯವರಿಗೆ ತಿಳಿಯುವುದಿಲ್ಲ.

ಧಾರವಾಡ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಿಕ್ಸಿ ಸ್ವಿಚ್ ನನಗೆ ಹೊಳೆದೇ ಇರಲಿಲ್ಲ, ಇವತ್ತೇ ಬೋರ್ಡ್ ಹುಡುಕುತ್ತೇನೆ. ಸೋಮವಾರದಿಂದ ಶೇಂಗಾ, ಮಾದಲಿ ಶುರು. ಒಂದೇ ಅನುಮಾನ. ಅಷ್ಟು ಜನರ ಮುಂದೆ ಬಡಿಸುವಾಗ ಯಾರಾದರೂ ಗಾಬರಿಯಾಗಿ ಅರ್ಧಕ್ಕೇ ಬಿಟ್ಟು ಎದ್ದು ಹೋದರೆ ಏನು ಮಾಡಲಿ?

ಗದಗ ಸ್ಪೆಷಲ್ ಎಜುಕೇಟರ್

ಹೋಗಲಿ ಬಿಡಿ, ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ ಒಬ್ಬರು ಪರಿಚಯದ ಆಯಾ ಇರಲಿ. ವಾಪಸ್ ಬಂದರೆ ಅವನ ಬುಟ್ಟಿ ಅವನಿಗೇ ಕೊಡಿ, ಬೇರೆಯವರಿಗೆ ದಾಟಿಸಬೇಡಿ. ಗಾಬರಿ ಕಡಿಮೆ ಆಗಬೇಕಾದರೆ ಒಬ್ಬೊಬ್ಬರಿಗೂ ಮೂರೇ ಜನರಿಗೆ ಬಡಿಸುವ ಕೆಲಸ ಕೊಡಿ, ಮೊದಲನೆಯ ತಾಟು ಅವರ ಅಮ್ಮನದೇ ಇರಲಿ. ಹಿಂದಿನ ವಾರ ಬೇರೆ ಕ್ಲಾಸಿನ ಮಕ್ಕಳನ್ನು ಕೂರಿಸಿ ಒಂದು ಸಲ ಬಡಿಸಿ ರೂಢಿ ಮಾಡಿಸಿ. ಮತ್ತೆ ತಾಯಂದಿರಿಗೆ ಮೊದಲೇ ಹೇಳಿಬಿಡಿ, ಮೊಸರು ಚೆಲ್ಲಿದರೂ ಏಳಬಾರದು, ಒರೆಸುವ ಬಟ್ಟೆ ಎಲ್ಲಿದೆ ಅಂತ ಮಕ್ಕಳಿಗೆ ಗೊತ್ತಿದೆ ಅಂತ.