ಅಪ್‌ಡೇಟ್: ಚೆರೋಕಿ ರೆಕ್ಕೆಗೆ ತಪಾಸಣೆ ಕಿಂಡಿ ಕೂರಿಸಿದ್ದಾಯ್ತು

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ನಾನು ಹಾರಿಸುವ ಹಳೆಯ ಪೈಪರ್ ಪಿಎ-28 (ಚೆರೋಕಿ) ಎಂಬ ಸಣ್ಣ ವಿಮಾನದ ರೆಕ್ಕೆಯ ಕೆಳತಗಡು ಕತ್ತರಿಸಿ ಕಿಂಡಿ ಮಾಡಿಸಿದರೆ ರೆಕ್ಕೆ ದುರ್ಬಲವಾಗುತ್ತದೆಯೇ ಎಂದು ಕೇಳಿದ್ದೆ. ಸುಲಭಕ್ಕೆ ಕಣ್ಣಿಗೆ ಬೀಳದ ಜಾಗದಲ್ಲಿ ಮುಖ್ಯ ಸ್ಪಾರ್ (ರೆಕ್ಕೆಯ ಭಾರ ಹೊರುವ ಉದ್ದನೆಯ ತೊಲೆ) ತುಕ್ಕು ಹಿಡಿದದ್ದು ಕಂಡುಬಂದ ಮೇಲೆ, ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2020ರಲ್ಲಿ ಅದರ ತಪಾಸಣೆಯನ್ನು ಕಡ್ಡಾಯ ಮಾಡಿತ್ತಲ್ಲ, ಅದಕ್ಕಾಗಿ.

ಕೆಲಸ ಮುಗಿದಿದೆ. ಪೈಪರ್‌ನದೇ ಕಿಟ್ ಹಾಕಿಸಿದೆ. ಕತ್ತರಿಸಿದ ತಗಡು ಹೊರುತ್ತಿದ್ದ ಬಲವನ್ನು ಕಿಂಡಿಯ ಸುತ್ತ ರಿವೆಟ್ ಹೊಡೆದ ಡಬ್ಲರ್ (ಬಲಪಡಿಸುವ ಹೆಚ್ಚುವರಿ ತಗಡು) ಹೊತ್ತುಕೊಳ್ಳುತ್ತದೆ, ಮುಚ್ಚಳಕ್ಕೆ ಸ್ಕ್ರೂ. ಮೆಕ್ಯಾನಿಕ್ ಅತಿ ಹೆಚ್ಚು ಹೊತ್ತು ಕಳೆದದ್ದು ಅಂಚನ್ನು ನಯ ಮಾಡುವುದರಲ್ಲಿ. ಅಲ್ಲೊಂದು ಸಣ್ಣ ಗೀರು ಉಳಿದರೂ ಮುಂದೆ ಬಿರುಕು ಅಲ್ಲಿಂದಲೇ ಶುರುವಾಗುತ್ತದಂತೆ. ಡ್ರಿಲ್ ಒಳಗೆ ಎಷ್ಟು ಹೋಗಬೇಕೆಂಬುದಕ್ಕೂ ತಡೆ ಹಾಕಿಕೊಂಡಿದ್ದರು, ಲೋಹದ ಪುಡಿಯನ್ನೆಲ್ಲ ವ್ಯಾಕ್ಯೂಮ್‌ನಿಂದ ಎಳೆದರು.

ಬಲಗಡೆಯ ಸ್ಪಾರ್ ಶುದ್ಧ. ಎಡಗಡೆ ಬಿಳಿ ಪುಡಿ, ಅಂದರೆ ಅಲ್ಯೂಮಿನಿಯಂ ತುಕ್ಕು, ಕಂಡಾಗ ನನ್ನ ಎದೆ ಧಸಕ್ಕೆಂದಿತು. ಉಜ್ಜಿ, ದಪ್ಪ ಅಳೆದರು: ಮೇಲ್ಪದರದ್ದಷ್ಟೇ, ಮಿತಿಯೊಳಗಿದೆ. ಪ್ರೈಮರ್ ಬಳಿದು ಲಾಗ್‌ಬುಕ್‌ನಲ್ಲಿ ಬರೆದಾಯ್ತು.

ಹಳೆಯ ಚೆರೋಕಿ ಇರುವವರು ದಯವಿಟ್ಟು ಮುಂದೂಡಬೇಡಿ. ಕಿಂಡಿ ಇಲ್ಲದಿದ್ದರೆ ಆ ಬಿಳಿ ಪುಡಿ ನನಗೆ ಕಾಣುತ್ತಲೇ ಇರಲಿಲ್ಲ. ಧೈರ್ಯ ಹೇಳಿದವರಿಗೆಲ್ಲ ಮನಸಾರೆ ಧನ್ಯವಾದ.